ಎಡಸೀಟಿನ ಬ್ರೇಕು, ಇಟಲಿಯ ಶಿಷ್ಯ

ಎಡಗಡೆ ಸೀಟಿನಲ್ಲಿ ಕೂತು, ಸ್ಟಿಯರಿಂಗ್ ಮುಟ್ಟದೆ, ಕಾರ್ ರ‍್ಯಾಲಿಯಲ್ಲಿ ಕಪ್ ಗೆದ್ದವರು ನಿಮ್ಮಲ್ಲಿ ಯಾರಾದರೂ ಇದ್ದೀರಾ? ಇಲ್ಲ ತಾನೆ? ಹಾಗಾದರೆ ಬೆರಳಿನಿಂದ ಮೇಲೆ ಕೆಳಗೆ ತಳ್ಳದೆ ಸುಮ್ಮನೆ ಓದಿ. ನಾನು ಗೆದ್ದಿದ್ದೇನೆ.

ಮೊಬೈಲಿನಲ್ಲಿ ಕನ್ನಡ ಟೈಪ್ ಮಾಡುವುದನ್ನು ಮೊಮ್ಮಗಳು ಸಾನಿಕಾ ಈಚೆಗಷ್ಟೇ ಕಲಿಸಿದಳು. ಅವಳಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಮಾತಾಡು ಅಂದರೆ ಮರಾಠಿಗೆ ಓಡುತ್ತಾಳೆ, ಓದುವುದಂತೂ ಬಾರದು. ಹಾಗಾಗಿ ಅವಳ ಬಗ್ಗೆ ಏನು ಬರೆದರೂ ನನಗೆ ಭಯವಿಲ್ಲ. ಕಲಿಸುವಾಗ "ಅಜ್ಜಿ, ಒತ್ತಬ್ಯಾಡ, ಮುಟ್ಟು, ಬಸ್" ಅಂತ ಮರಾಠಿಯಲ್ಲೇ ಗದರಿದಳು. ಇದೇ ಮಾತನ್ನು ನಾನು ಬ್ರೇಕಿನ ಬಗ್ಗೆ ನಾಸಿಕ್ ಊರಿನ ಅರ್ಧ ಜನಕ್ಕೆ ಹೇಳಿದವಳು.

ನಾಸಿಕ್ ರೋಡಿನಲ್ಲಿ ನಾನು ಕಲಿಸುತ್ತಿದ್ದ ಡ್ರೈವಿಂಗ್ ಸ್ಕೂಲಿಗೆ ನಮ್ಮ ಕಡೆಯ ಇಬ್ಬರು ಹೆಣ್ಣುಮಕ್ಕಳು ಹೊಸದಾಗಿ ಮಾಸ್ತರೀಣಿಯರಾಗಿ ಸೇರಿದ್ದಾರೆ. "ಅಜ್ಜಿ, ನಿಮ್ಮ ಅನುಭವ ಬರದು ಕೊಡ್ರಿ" ಅಂದರು. ಯಾವಾಗ ಸೇರಿದೆ, ಯಾವಾಗ ಶಾಲು ಹೊದಿಸಿದರು, ಯಾರು ಭಾಷಣ ಮಾಡಿದರು, ಇದೆಲ್ಲ ನಿಮಗೆ ಬೇಡ. ನಿಮಗೆ ಬೇಕಾದದ್ದು ಕಾಲಿನ ವಿಷಯ. ಈ ಕೆಲಸದಲ್ಲಿ ಬಾಯಿಗಿಂತ ಕಾಲು ಮುಖ್ಯ.

ನಮ್ಮಪ್ಪ ಗದಗಿನಲ್ಲಿ ಒಬ್ಬ ಡಾಕ್ಟರ ಕಾರು ಓಡಿಸುತ್ತಿದ್ದರು. ಡಾಕ್ಟರು ರೋಗಿಗಳ ಮನೆಯೊಳಗೆ ಹೋದಾಗ ಅಪ್ಪ ನನ್ನನ್ನು ಸ್ಟಿಯರಿಂಗಿನ ಹಿಂದೆ ಕೂರಿಸಿ ಓಣಿಯಲ್ಲಿ ಒಂದು ಸುತ್ತು ಹಾಕಿಸುತ್ತಿದ್ದರು. ಡಾಕ್ಟರಿಗೆ ಗೊತ್ತಿತ್ತೋ ಇಲ್ಲವೋ, ರೋಗಿಗಳಿಗಂತೂ ಗೊತ್ತಿತ್ತು. ಮದುವೆಯಾಗಿ ನಾಸಿಕ್ಕಿಗೆ ಬಂದೆ. ನಮ್ಮವರು ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರು. ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಮಧ್ಯಾಹ್ನವೆಲ್ಲ ಖಾಲಿ. ಒಂದು ದಿನ ನಾಸಿಕ್ ರೋಡ್ ಸ್ಟೇಶನ್ನಿನ ಎದುರು "ಹೆಂಗಸರಿಗೆ ಕಲಿಸಲು ಹೆಂಗಸು ಬೇಕು" ಅಂತ ಬೋರ್ಡು ಕಂಡೆ, ಒಳಗೆ ಹೋದೆ.

ಸ್ಕೂಲಿನ ಮಾಲೀಕರು ದೇಶಮುಖ ಕಾಕಾ. ಮೀಸೆ ದೊಡ್ಡದು, ದನಿ ಅದಕ್ಕಿಂತ ದೊಡ್ಡದು. ಅವರು ಮರಾಠಿಯಲ್ಲಿ ಮಾತಾಡುತ್ತಿದ್ದರು, ನಾನು ಇಲ್ಲಿ ನಮ್ಮ ಮಾತಿಗೆ ತಿರುಗಿಸಿ ಬರೆಯುತ್ತೇನೆ. ಒಂದು ಉಳ್ಳಾಗಡ್ಡಿ ಲಾರಿ ಮತ್ತು ಒಂದು ಟಾಂಗಾ ನಡುವೆ ಸಿಕ್ಕಿಕೊಂಡಿದ್ದ ಕಾರು ತೋರಿಸಿ, "ಹೊರಗ ತಗೀರಿ" ಅಂದರು. ತೆಗೆದೆ. ಟಾಂಗಾದ ಕುದುರೆ ಮೇಯುವುದನ್ನೂ ನಿಲ್ಲಿಸಲಿಲ್ಲ. ಕಾಕಾ ಕುದುರೆಯನ್ನು ನೋಡಿ, "ಸೋಮವಾರದಿಂದ ಬರ್ರಿ" ಅಂದರು. ಅವತ್ತಿನಿಂದ ನಾನು ಎಲ್ಲರಿಗೂ ಮಾಸ್ತರೀಣಬಾಯಿ.

ನಮ್ಮ ಕಾರು ಆ ಕಾಲದ ಚೌಕ ಮೂತಿಯದು, ಇಟಲಿ ನಮೂನೆಯದು, ಗೇರು ಸ್ಟಿಯರಿಂಗಿನ ಪಕ್ಕದಲ್ಲೇ. ಗ್ಯಾರೇಜಿನ ಸಲೀಂಭಾಯ್ ಎಡಗಡೆ ಸೀಟಿನ ಕೆಳಗೂ ಒಂದು ಕ್ಲಚ್ಚು, ಒಂದು ಬ್ರೇಕು ಕೂರಿಸಿದ್ದರು. ಬಲಗಡೆಯ ಬ್ರೇಕ್ ಪೆಡಲು, ಎಡಗಡೆಯ ಬ್ರೇಕ್ ಪೆಡಲು, ಎರಡೂ ಒಳಗೆ ಒಂದೇ ಸರಳಿಗೆ ಸೇರುತ್ತಿದ್ದವು. ಕಲಿಯುವವರು ಮರೆತರೆ ನಾನು ಒತ್ತಬೇಕು.

ಕಾಕಾ ಹೇಳಿಕೊಟ್ಟದ್ದು ಒಂದೇ ಪಾಠ. "ಬಾಯಿ, ರಸ್ತಾ ನೋಡಬ್ಯಾಡ್ರಿ. ರಸ್ತಾ ಓಡಿ ಹೋಗೂದಿಲ್ಲ. ಕಲಿಯೂವರ ಹೆಗಲು ನೋಡ್ರಿ."

ನಿಜ. ಮನುಷ್ಯ ಹೆದರುವ ಮೊದಲು ಅವನ ಹೆಗಲು ಹೆದರುತ್ತದೆ, ಕಿವಿಯ ಕಡೆಗೆ ಏರುತ್ತದೆ. ಅದು ಏರಿದಾಗ ನಿಮ್ಮ ಕಾಲು ಪೆಡಲಿನ ಮೇಲೆ ಇರಬೇಕು. ಒತ್ತಬಾರದು, ಇರಬೇಕು.

ಹೆಂಗಸರು ಬೇಗ ಕಲಿಯುತ್ತಿದ್ದರು. ಗಂಡಸರನ್ನು ಕಾಕಾ ನನ್ನ ಹತ್ತಿರ ಕಳಿಸುತ್ತಿರಲಿಲ್ಲ, ಅವರೂ ಬರುತ್ತಿರಲಿಲ್ಲ. ಯಾರಿಗೂ ಬೇಡವಾದ ಗಂಡಸರು ಮಾತ್ರ ನನ್ನ ಪಾಲಿಗೆ. ಹುಬ್ಬಳ್ಳಿ ಕಡೆಯಿಂದ ವರ್ಗವಾಗಿ ಬಂದ ಒಬ್ಬ ಬ್ಯಾಂಕಿನ ಸಾಹೇಬರು ಪ್ರತಿಯೊಂದಕ್ಕೂ ಕೇಳುತ್ತಿದ್ದರು. ಎದುರಿಗೆ ಎಮ್ಮೆ ನಿಂತಿದೆ, ಇವರು ನನ್ನ ಕಡೆ ತಿರುಗಿ, "ಈಗ ಬ್ರೇಕ್ ಹಾಕಲೇನ್ರಿ?"

"ಹಾಕ್ರಿ ಸಾಹೇಬರ, ಎಮ್ಮಿ ನಿಮ್ಮ ಮಂಜೂರಾತಿಗೆ ಕಾಯೂದಿಲ್ಲ!"

ಇನ್ನೊಬ್ಬರು ಚಾಂದವಡ್‌ನ ಉಳ್ಳಾಗಡ್ಡಿ ವ್ಯಾಪಾರಿ, ಹೆಸರು ಬಾಳಾಸಾಹೇಬ. ಜೀವನವೆಲ್ಲ ಬಂಡಿ ಹೂಡಿದ ಕೈ. ಕಾರು ನಿಲ್ಲಿಸಬೇಕಾದಾಗ ಸ್ಟಿಯರಿಂಗನ್ನು ಎದೆಗೆ ಎಳೆದುಕೊಂಡು "ಹೋ, ಹೋ, ಹೋ!" ಅನ್ನುತ್ತಿದ್ದರು. ನಾನು ಈ ಕಡೆಯಿಂದ ಬ್ರೇಕ್ ಒತ್ತುತ್ತಿದ್ದೆ, ಕಾರು ನಿಲ್ಲುತ್ತಿತ್ತು. ಒಂದು ವಾರ ಆ ಪುಣ್ಯಾತ್ಮ ಕಾರು ತನ್ನ ಮಾತು ಕೇಳುತ್ತದೆ ಅಂತಲೇ ತಿಳಿದಿದ್ದರು.

ಇಂಥವರ ಸಾಲಿನಲ್ಲೇ ಬಂದವರು ರೆನಾತೋ ಸಾಹೇಬರು. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾಸಿಕ್ಕಿನ ಒಂದು ಕಾರ್ಖಾನೆಗೆ ಇಟಲಿಯಿಂದ ಯಂತ್ರ ಬಂದಿತ್ತು, ಅದನ್ನು ಕೂರಿಸಲು ಇವರು ಬಂದಿದ್ದರು. ಐವತ್ತು ದಾಟಿದ ವಯಸ್ಸು, ಬಿಳಿ ಗಡ್ಡ, ಸದಾ ಎಣ್ಣೆ ಹತ್ತಿದ ಉಗುರು. ಕಾರ್ಖಾನೆಯವರೊಡನೆ ಮಾತಾಡಿ ಹಿಂದಿ ಕಲಿತಿದ್ದರು, ಅದರಲ್ಲಿ ಅರ್ಧ ಬೈಗುಳ. ಬೈಗುಳ ಬಿಟ್ಟು ಉಳಿದದ್ದನ್ನು ಇಲ್ಲಿ ನಮ್ಮ ಮಾತಿನಲ್ಲೇ ಬರೆಯುತ್ತೇನೆ. ಅವರ ಊರಿನ ಲೈಸೆನ್ಸು ಇಲ್ಲಿ ನಡೆಯುವುದಿಲ್ಲ ಅಂತ ಆರ್‌ಟಿಓ ಇನ್ಸ್‌ಪೆಕ್ಟರು ಹೇಳಿದ್ದರಿಂದ ಕಲಿಯುವವರ ಲೈಸೆನ್ಸು ಮಾಡಿಸಿ ನಮ್ಮಲ್ಲಿಗೆ ಬಂದರು. ಇಂಗ್ಲಿಷ್ ಬಾರದ ಪರದೇಶಿಯನ್ನು ಬೇರೆ ಯಾವ ಮಾಸ್ತರರೂ ಒಪ್ಪಲಿಲ್ಲ. ಕಾಕಾ ನನ್ನನ್ನು ಕರೆದರು.

"ಬಾಯಿ, ಇವರಿಗೆ ಕಾರು ಬರತೈತಂತ. ನೀವು ಬರೇ ಕೂತು ಬರ್ರಿ."

ಕಾರು ಬರುತ್ತಿತ್ತೋ ಇಲ್ಲವೋ, ಗೇರು ಬದಲಿಸಲು ಅವರ ಬಲಗೈ ಬಾಗಿಲಿಗೆ ಹೋಗಿ ಹಿಡಿಕೆ ಹುಡುಕುತ್ತಿತ್ತು. ಅವರ ಊರಿನಲ್ಲಿ ಡ್ರೈವರು ಕೂರುವುದು ಎಡಗಡೆ. ಎರಡು ದಿನ ದ್ವಾರಕಾ ಸರ್ಕಲ್ಲಿನಲ್ಲಿ ಬಾಗಿಲು ತೆರೆದು ಮುಚ್ಚಿ ತೆರೆದು ಮುಚ್ಚಿ ಹೋದೆವು. ಮೂರನೆಯ ದಿನ ಕೈ ಕೂತಿತು. ದಿಂಡೋರಿ ದಾಟಿ ವಣಿಯ ಘಾಟಿಗೆ ಕರೆದೊಯ್ದೆ.

ಘಾಟಿ ಶುರುವಾದದ್ದೇ ತಡ, ಮನುಷ್ಯ ಬದಲಾದರು. ಬೆನ್ನು ನೆಟ್ಟಗಾಯಿತು, ಬಾಯಿ ಮುಚ್ಚಿತು, ನಮ್ಮ ಕಲಿಕೆಯ ಕಾರು ಜಿಂಕೆಯ ಹಾಗೆ ಹಾರತೊಡಗಿತು. ಮೊದಲ ತಿರುವು ಬಂತು. ಅವರು ಬ್ರೇಕು ಹಾಕಲಿಲ್ಲ. ನಾನು ಹಾಕಿದೆ.

ಕಾರು ಕಿರುಚಿ ನಿಂತಿತು. ರೆನಾತೋ ಸಾಹೇಬರು ಕೆಳಗಿಳಿದು, ರಸ್ತೆ ಬದಿಯ ಕಲ್ಲಿನ ಮೇಲೆ ಕೂತು, ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡರು. "ಮಾಸ್ತರೀಣ," ಅಂದರು, "ನನ್ನ ಜೀವನದಾಗ ನನ್ನ ಬ್ರೇಕ್ ಬ್ಯಾರೆಯವರು ಹಾಕಿಲ್ಲ. ನಾನು ರೇಸ್ ಡ್ರೈವರ್!"

"ಹೌದೇನ್ರಿ? ಎಷ್ಟು ಕಪ್ ಗೆದ್ದೀರಿ?"

ಕೆಣಕಲು ಕೇಳಿದ್ದು ನಾನು, ಆದರೆ ಅದು ಎಲ್ಲೋ ನಾಟಿತು. ಕಲ್ಲಿನ ಮೇಲೆ ಕೂತೇ ಎಲ್ಲ ಹೇಳಿದರು. ಇಟಲಿಯ ಗುಡ್ಡದ ರಸ್ತೆಗಳಲ್ಲಿ ಯೌವನವೆಲ್ಲ ರೇಸು ಓಡಿಸಿದ್ದರು. ಐದನೆಯವರು, ಎಂಟನೆಯವರು, ಒಂದು ಸಲ ನಾಲ್ಕನೆಯವರು. ಕಪ್ ಕೊಡುವುದು ಮೊದಲ ಮೂವರಿಗೆ ಮಾತ್ರ. ಪೇಪರಿನಲ್ಲಿ ಹೆಸರು ಒಮ್ಮೆ ಬಂದಿತ್ತು, ಬೇರೆಯವರ ಫೋಟೋದ ಕೆಳಗೆ. ಮದುವೆಯಾದ ಹೊಸತರಲ್ಲಿ ಅವರ ಹೆಂಡತಿ ಅಡಿಗೆಮನೆಯ ಕಪಾಟಿನ ಒಂದು ಹಲಗೆಯನ್ನು ಕಪ್‌ಗಳಿಗೆ ಅಂತ ಖಾಲಿ ಬಿಟ್ಟಿದ್ದಳಂತೆ. ಕೆಲವು ವರ್ಷ ಕಾದಳು. ಆಮೇಲೆ ಅಲ್ಲಿ ಟೊಮೆಟೊ ರಸದ ಬಾಟಲಿ ಜೋಡಿಸಿದಳು.

"ಆಕೀ ತಪ್ಪಲ್ಲ," ಅಂದರು ರೆನಾತೋ. "ಬಾಟಲಿಗೆ ಜಾಗಾ ಬೇಕು."

ಆ ಮೇಲೆ ನಾನು ನಗಲಿಲ್ಲ. ನಮ್ಮ ಮನೆಯಲ್ಲೂ ಅಂಥ ಹಲಗೆಗಳಿವೆ.

ಪರೀಕ್ಷೆಗೆ ಕರೆದುಕೊಂಡು ಹೋದೆ. ಆರ್‌ಟಿಓ ಮೈದಾನದಲ್ಲಿ ಕಲ್ಲು ಇಟ್ಟು ಎಂಟರ ಆಕಾರ ಮಾಡಿರುತ್ತಿದ್ದರು, ಅದರೊಳಗೆ ಕಾರು ತಿರುಗಿಸಬೇಕು. ಇನ್ಸ್‌ಪೆಕ್ಟರು ಬಲು ಶಿಸ್ತಿನವರು, ನಗುವುದನ್ನೂ ಸರ್ಕಾರಿ ರಜೆಯ ದಿನಕ್ಕೆ ಇಟ್ಟುಕೊಂಡವರು. ಅವರು ಪೆನ್ನಿನ ಮುಚ್ಚಳ ತೆಗೆಯುವಷ್ಟರಲ್ಲಿ ರೆನಾತೋ ಎಂಟು ಮುಗಿಸಿ ಬಂದು ನಿಂತಿದ್ದರು.

"ನಾನು ನೋಡಲೇ ಇಲ್ಲ," ಅಂದರು ಇನ್ಸ್‌ಪೆಕ್ಟರು. "ಕೈ ಸನ್ನೆನೂ ಮಾಡಲಿಲ್ಲ. ಫೇಲ್."

ಅದೇ ಹೊತ್ತಿಗೆ ಊರಿನ ಮೋಟಾರು ಕ್ಲಬ್ಬಿನವರು ರ‍್ಯಾಲಿ ಇಟ್ಟರು. ನಾಸಿಕ್ಕಿನಿಂದ ಚಾಂದವಡ್, ಮನಮಾಡ್, ಎಲ್ಲೋರಾ ಅನ್ನುವ ವೇರೂಳ್ ಮೇಲೆ ಹಾದು ಔರಂಗಾಬಾದಿಗೆ. ಈಗ ಅದು ಛತ್ರಪತಿ ಸಂಭಾಜಿನಗರ, ಆಗ ನಾವೆಲ್ಲ ಔರಂಗಾಬಾದ್ ಅನ್ನುತ್ತಿದ್ದೆವು. ನಡುನಡುವೆ ಕೆಲವು ರಸ್ತೆಗಳನ್ನು ಬಂದ್ ಮಾಡಿ ಅಲ್ಲಿ ಮಾತ್ರ ವೇಗ ಅಳೆಯುತ್ತಾರೆ, ಉಳಿದ ಕಡೆ ಎಲ್ಲರಂತೆ ಹೋಗಬೇಕು. ಪ್ರತಿ ಕಾರಿನಲ್ಲಿ ಡ್ರೈವರು ಮತ್ತು ಪಕ್ಕದಲ್ಲಿ ಒಬ್ಬರು.

ರೆನಾತೋ ಓಡೋಡಿ ಬಂದರು. ಅವರ ಯಂತ್ರದ ಕೆಲಸ ಮುಗಿಯುತ್ತ ಬಂದಿತ್ತು, ರ‍್ಯಾಲಿ ಆದ ಮೇಲೆ ಊರಿಗೆ. "ಮಾಸ್ತರೀಣ, ಇದು ಕಡೀದು. ಒಂದು ಬಾಟಲಿ ಸರಿಸಬೇಕು. ಒಂದs ಒಂದು."

ಕ್ಲಬ್ಬಿನವರು ಅವರ ಇಟಲಿಯ ರೇಸಿನ ಕಾಗದ ನೋಡಿ ಒಪ್ಪಿದರು. ಇನ್ಸ್‌ಪೆಕ್ಟರು ಒಪ್ಪಲಿಲ್ಲ. ಬಂದ್ ಮಾಡಿದ ರಸ್ತೆಯಲ್ಲಿ ಬೇಕಾದ್ದು ಮಾಡಲಿ, ಸಾರ್ವಜನಿಕ ರಸ್ತೆಯಲ್ಲಿ ಅವರು ಕಲಿಯುವವರು. ಹಿಂದೆ ಮುಂದೆ ಕೆಂಪು 'ಎಲ್' ಬೋರ್ಡು ಇರಬೇಕು, ಪಕ್ಕದಲ್ಲಿ ಮಾಸ್ತರು ಇರಬೇಕು, ಜೋಡಿ ಪೆಡಲಿನ ಕಾರೇ ಇರಬೇಕು. ಹೀಗೆ ನನ್ನ ಕಾರೂ ನಾನೂ ರ‍್ಯಾಲಿಗೆ ಸೇರಿದೆವು. ಕಾಕಾ ಖುಷಿಯಿಂದ ಕಾರಿನ ತಲೆಯ ಮೇಲೆ ಸ್ಕೂಲಿನ ಹೆಸರಿನ ಡಬ್ಬಿಯನ್ನೂ ಉಳಿಸಿದರು. "ಬಾಯಿ, ಕಪ್ ಬಂದ್ರ ಛಲೋ. ಬರದಿದ್ರೂ ಬೋರ್ಡು ಔರಂಗಾಬಾದ್ ತನಕ ಹೋಗತೈತಿ."

ಅಭ್ಯಾಸ ಶುರುವಾಯಿತು. ತೊಂದರೆ ಒಂದೇ, ನನ್ನ ಕಾಲು. ಪ್ರತಿ ತಿರುವಿನಲ್ಲೂ ಅದು ತನ್ನಷ್ಟಕ್ಕೆ ಬ್ರೇಕಿನ ಮೇಲೆ ಹೋಗಿ ಕೂರುತ್ತಿತ್ತು. ವರ್ಷಗಟ್ಟಲೆ ಜನರನ್ನು ಉಳಿಸಿದ ಕಾಲು, ಬೇಡ ಅಂದರೆ ಕೇಳುತ್ತದೆಯೇ? ರೆನಾತೋ ಕೈ ಮುಗಿಯುತ್ತಿದ್ದರು, ಬೈಯುತ್ತಿದ್ದರು, ಒಮ್ಮೆ ಅಳುವ ಹಾಗೂ ಆದರು. ಹೀಗೇ ಹೋದರೆ ಐದನೆಯವರಲ್ಲ, ಐವತ್ತನೆಯವರು. ಪೆಡಲು ಬಿಚ್ಚುವ ಹಾಗಿಲ್ಲ, ಇನ್ಸ್‌ಪೆಕ್ಟರು ನೋಡುತ್ತಾರೆ. ಕಡೆಗೆ ನಾನು ಸೀರೆ ಸರಿಮಾಡಿಕೊಂಡು ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ, ಊಟಕ್ಕೆ ಕೂತಂತೆ. ಮುಂದಿನ ತಿರುವಿನಲ್ಲಿ ಲಾಡುವಿನ ಹಾಗೆ ಉರುಳಿ ಅವರ ತೊಡೆಯ ಮೇಲೆ ಬಿದ್ದೆ. ಇಬ್ಬರಿಗೂ ನಾಚಿಕೆ. ಆ ಉಪಾಯ ಅಲ್ಲಿಗೇ ಬಿಟ್ಟೆವು.

ರಾತ್ರಿ ಊಟದ ಹೊತ್ತಿಗೆ ನಮ್ಮವರಿಗೆ ಹೇಳಿದೆ. ಅವರದು ಮಾತು ಕಡಿಮೆ. ರೊಟ್ಟಿ ಮುರಿಯುತ್ತ ಅಂದರು, "ನಮ್ಮಲ್ಲಿ ಕಲಿಸೂ ವಿಮಾನದಾಗೂ ಹಿಂಗs. ಇಬ್ಬರ ಮುಂದೂ ಒಂದೊಂದು ಹಿಡಿಕಿ ಇರತಾವ."

"ಮತ್ತ ಇಬ್ಬರೂ ಜಗ್ಯಾಡಿದ್ರ?"

"ಜಗ್ಗೂದಿಲ್ಲ. ಒಬ್ಬಾಂವ ಬಾಯಿಬಿಟ್ಟು ಹೇಳತಾನ, ಈಗ ನಿಂದು ಅಂತ. ಇನ್ನೊಬ್ಬಾಂವ ನಂದು ಅಂತಾನ. ಅಂದ ಮ್ಯಾಲೆ ಮೊದಲನೇದಾಂವ ಬಿಡತಾನ. ಹೇಳೂ ತನಕಾ ಮುಟ್ಟೂದಿಲ್ಲ, ಹೇಳಿದ ಮ್ಯಾಲೆ ಬಿಡದs ಇರೂದಿಲ್ಲ. ನಿನ್ನ ಕಾಲಿಗೆ ಕೆಲಸ ಬಿಡು ಅನಬ್ಯಾಡ. ಮಾತಿಗೆ ಕಾಯಿ ಅನ್ನು."

ಇಷ್ಟು ವರ್ಷದ ಸಂಸಾರದಲ್ಲಿ ಅವರು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಅವತ್ತೇ.

ರೆನಾತೋಗೆ ಎರಡು ಕನ್ನಡ ಪದ ಕಲಿಸಿದೆ, ನಂದು, ನಿಂದು. ಅವರು "ನಿಂದು" ಅನ್ನುವವರೆಗೆ ನನ್ನ ಕಾಲು ಪೆಡಲಿನ ಹಿಂದೆ ನೆಲದ ಮೇಲೆ. ಮೊದಲ ದಿನ ಕಾಲು ಮಾತಿಗೆ ಮೊದಲೇ ಎದ್ದಿತು. ಎರಡನೆಯ ದಿನ ಕಾದಿತು. ಕೆಲಸವಿಲ್ಲದೆ ಕೂತಾಗ ನನಗೆ ಇನ್ನೊಂದು ವಿಷಯ ಕಂಡಿತು. ರೆನಾತೋ ಹೆಗಲು ಯಾವತ್ತೂ ಏರುತ್ತಿರಲಿಲ್ಲ. ತಿರುವಿನ ಮೊದಲು ಎಡ ಹೆಗಲು ಚೂರೇ ಚೂರು ಇಳಿಯುತ್ತಿತ್ತು, ಕಲಶ ಇಳಿಸುವವರ ಹಾಗೆ. ಅದು ಇಳಿದಾಗ ಬ್ರೇಕು, ಮೇಲೆ ಬಂದಾಗ ಬಿಡುವುದು. ಹೆದರಿದ ಹೆಗಲನ್ನು ಅಷ್ಟು ವರ್ಷ ಓದಿದವಳು ಹೆದರದ ಹೆಗಲನ್ನು ಮೊದಲ ಸಲ ಓದಿದೆ.

ರ‍್ಯಾಲಿಯ ದಿನ ಬೆಳಿಗ್ಗೆ ಗೋದಾವರಿ ದಂಡೆಯಲ್ಲಿ ಕಾರುಗಳ ಸಾಲು. ಬಣ್ಣ ಬಣ್ಣದ ಪಟ್ಟೆ, ದೊಡ್ಡ ದೀಪ, ಕನ್ನಡಕದ ಹುಡುಗರು. ನಡುವೆ ನಮ್ಮದು, ತಲೆಯ ಮೇಲೆ ಡ್ರೈವಿಂಗ್ ಸ್ಕೂಲಿನ ಡಬ್ಬಿ, ಮೂತಿಗೆ ಕೆಂಪು ಎಲ್. ನನ್ನದು ಬೇರೆ ಫಜೀತಿ, ತುರುಬಿನ ಮೇಲೆ ಹೆಲ್ಮೆಟ್ ಕೂರಲಿಲ್ಲ. ಅಲ್ಲೇ ನಿಂತು ತುರುಬು ಬಿಚ್ಚಿ ಜಡೆ ಹಾಕಿಕೊಂಡೆ. ಪುಣೆಯಿಂದ ಬಂದ ಒಂದು ತಂಡದ ಡ್ರೈವರು ನೋಡಿ ನಕ್ಕ.

"ಕಾಕೂ, ಪರೀಕ್ಷೆಗೆ ಹೊಂಟೀರೇನು? ಆರ್‌ಟಿಓ ಆಫೀಸು ಆ ಕಡೆ."

"ಇಲ್ಲಪ್ಪಾ. ಎಲ್ ಹಿಂದಿನ ಕಡೆನೂ ಬರಸೀವಿ ನೋಡು. ನಿನಗ ಔರಂಗಾಬಾದ್ ತನಕ ಓದಿಕೋತ ಬರಾಕ ಅನುಕೂಲ."

ಸುತ್ತಲಿನವರು ಹೋ ಅಂದರು. ರೆನಾತೋಗೆ ಅರ್ಥವಾಗಲಿಲ್ಲ, ಆದರೂ ಎಲ್ಲರಿಗಿಂತ ಜೋರಾಗಿ ನಕ್ಕರು.

ಚಾಂದವಡ್ ಘಾಟಿನಲ್ಲಿ ಮೊದಲ ವೇಗದ ರಸ್ತೆ. ನಾನು ಎರಡೂ ಕೈಯಿಂದ ಸೀಟು ಹಿಡಿದಿದ್ದೆ, ಕಾಲು ನೆಲದ ಮೇಲೆ. ರಸ್ತೆ ಬದಿಯಲ್ಲಿ ಜನ. ಅವರ ನಡುವೆ ನಮ್ಮ ಉಳ್ಳಾಗಡ್ಡಿ ಬಾಳಾಸಾಹೇಬರು ಟ್ರಾಕ್ಟರಿನ ಮೇಲೆ ನಿಂತು ಟೊಪ್ಪಿಗೆ ಬೀಸುತ್ತ, "ಹೋ ಅನಬ್ಯಾಡ್ರಿ ಮಾಸ್ತರೀಣಬಾಯಿ, ಇವತ್ತ ಹೋ ಅನಬ್ಯಾಡ್ರಿ!" ಅಂತ ಕೂಗುತ್ತಿದ್ದರು. ಅನ್ನಲಿಲ್ಲ. ಮನಮಾಡ್ ದಾಟಿ ಚಹಾಕ್ಕೆ ನಿಲ್ಲಿಸಿದಾಗ ಕ್ಲಬ್ಬಿನವರು ಹೇಳಿದರು, ನಾವು ನಾಲ್ಕನೆಯವರು. ಮೂರನೆಯವನು ಅದೇ ಪುಣೆಯವನು.

ರೆನಾತೋ ಚಹಾ ಕುಡಿಯಲಿಲ್ಲ. "ನಾಲ್ಕು," ಅಂದರು. "ನನಗ ನಾಲ್ಕು ಗೊತ್ತು, ಮಾಸ್ತರೀಣ. ಭಾಳ ಛಲೋ ಗೊತ್ತು."

ಉಳಿದದ್ದು ಕಡೆಯ ವೇಗದ ರಸ್ತೆ ಒಂದೇ. ಖುಲ್ತಾಬಾದಿನಿಂದ ದೌಲತಾಬಾದಿಗೆ ಇಳಿಯುವ ಘಾಟಿ. ಕೆಳಗೆ ಕೋಟೆಯ ಹಳೆಯ ದರವಾಜ, ಒಂದು ಕಾರು ಹೋಗುವಷ್ಟೇ ಅಗಲ. ಅದನ್ನು ದಾಟಿದರೆ ಮುಗಿಯಿತು.

ಎರಡು ತಿರುವು ಚೆನ್ನಾಗಿ ಇಳಿದೆವು. ಮೂರನೆಯದಕ್ಕೆ ಮೊದಲು ಅವರ ಎಡ ಹೆಗಲು ಇಳಿಯಿತು, ಕಾಲು ಒತ್ತಿತು, ಕೆಳಗೆ ಟಕ್ ಅಂತ ಸದ್ದಾಯಿತು. ಅವರ ಪೆಡಲು ಸತ್ತ ಹಾವಿನ ಹಾಗೆ ನೆಲಕ್ಕೆ ಒರಗಿತು. ಅದನ್ನು ಒಳಗಿನ ಸರಳಿಗೆ ಹಿಡಿದಿದ್ದ ಪಿನ್ನು ಮುರಿದಿತ್ತು. ಇದು ಆಮೇಲೆ ಔರಂಗಾಬಾದಿನ ಗ್ಯಾರೇಜಿನವರು ನೋಡಿ ಹೇಳಿದ್ದು. ಆ ಗಳಿಗೆಯಲ್ಲಿ ನನಗೆ ಗೊತ್ತಾದದ್ದು ಇಷ್ಟೇ, ಇಳಿಜಾರು, ತಿರುವು, ಅದರಾಚೆ ಆಕಾಶ.

"ನಿಂದು!" ಅಂದರು ರೆನಾತೋ.

"ನಂದು!" ಅಂದೆ. ಒತ್ತಿದೆ.

ನನ್ನ ಪೆಡಲಿನ ಪಿನ್ನು ಬೇರೆ. ಅದು ಗಟ್ಟಿ ಇತ್ತು. ಕಾರು ತಲೆ ತಗ್ಗಿಸಿತು, ತಿರುಗಿತು, ರಸ್ತೆಯಲ್ಲೇ ಉಳಿಯಿತು.

ಅಲ್ಲೇ ನಿಲ್ಲಿಸಬಹುದಿತ್ತು. ಬೇರೆ ಯಾವ ದಿನವಾದರೂ ನಿಲ್ಲಿಸುತ್ತಿದ್ದೆ, ನೀವೂ ನಿಲ್ಲಿಸಬೇಕು, ಇದನ್ನು ಓದಿ ಶೂರತನ ಮಾಡಬೇಡಿ. ಅವರೂ ಕೇಳಿದರು, ರಸ್ತೆಯಿಂದ ಕಣ್ಣು ತೆಗೆಯದೆ, "ನಿಲ್ಲಿಸೂದು, ಮಾಸ್ತರೀಣ?" ಆ ದನಿಯಲ್ಲಿ ಟೊಮೆಟೊ ಬಾಟಲಿಗಳು ಸಾಲಾಗಿ ನಿಂತಿದ್ದವು.

"ನೀವು ನಡಸ್ರಿ," ಅಂದೆ. "ಬ್ರೇಕ್ ನಂದs ಇರಲಿ."

ಹೀಗೆ ಇಬ್ಬರು ಸೇರಿ ಒಂದು ಕಾರು ಇಳಿಸಿದೆವು. ಸ್ಟಿಯರಿಂಗು, ಗೇರು, ಆಕ್ಸಿಲರೇಟರು ಅವರದು, ಬ್ರೇಕು ನನ್ನದು. ನಾನು ರಸ್ತೆ ನೋಡಲಿಲ್ಲ. ಕಾಕಾ ಹೇಳಿದ ಹಾಗೆ ಹೆಗಲು ನೋಡಿದೆ. ಹೆಗಲು ಇಳಿಯಿತು, ಒತ್ತಿದೆ. ಮೊದಲಿನ ಜಾಗಕ್ಕೆ ಬಂತು, ಬಿಟ್ಟೆ. ಇಳಿಯಿತು, ಮುಟ್ಟಿದೆ ಅಷ್ಟೆ. ಒಂದು ತಿರುವಿನಲ್ಲಿ ಚೂರು ಹೆಚ್ಚು ಒತ್ತಿದೆ, ಅವರು "ಬ್ಯಾಡ!" ಅಂದರು. ಅದು ನಾನು ಕಲಿಸದ ಪದ, ನನ್ನಿಂದಲೇ ಕಲಿತದ್ದು. ಕಿಟಕಿಯ ಹೊರಗೆ ಏನೇನು ಹೋಯಿತೋ ತಿಳಿಯದು. ದರವಾಜದ ನೆರಳು ಒಮ್ಮೆ ಹೆಲ್ಮೆಟ್ಟಿನ ಮೇಲೆ ತಣ್ಣಗೆ ಹಾದುಹೋದದ್ದು ಗೊತ್ತು. ಆಮೇಲೆ ಬಿಸಿಲು, ಬಾವುಟ, ಜನ.

ನಿಲ್ಲಿಸಿದೆವು. ಅಂದರೆ ನಾನು ನಿಲ್ಲಿಸಿದೆ.

ಔರಂಗಾಬಾದಿನ ಮೈದಾನದಲ್ಲಿ ಫಲಿತಾಂಶ ಓದಿದರು. ಮೂರನೆಯವರು ನಾವು. ನಾಲ್ಕನೆಯವನು ಪುಣೆಯವನು. ರೆನಾತೋ ಮುಖ ನೋಡಲು ನಾನು ತಿರುಗುವಷ್ಟರಲ್ಲಿ ಪುಣೆಯವನು ತೀರ್ಪು ಕೊಡುವ ಪಂಚರ ಮೇಜಿನ ಮುಂದೆ ನಿಂತಿದ್ದ. ನಮ್ಮ ಕಾರಿನ ಮುರಿದ ಪೆಡಲಿನ ಸುದ್ದಿ ಆಗಲೇ ಹರಡಿತ್ತು.

"ಈ ಗಾಡಿ ಇಬ್ಬರು ಓಡಿಸ್ಯಾರ. ಒಬ್ಬನs ಡ್ರೈವರ್ ಅಂತ ನಿಯಮ ಐತಿ. ತಗದ ಹಾಕ್ರಿ."

ಪಂಚರು ರೆನಾತೋರನ್ನು ಕೇಳಿದರು, "ಬ್ರೇಕ್ ಯಾರು ಹಾಕಿದ್ರು?"

ಸುಳ್ಳು ಹೇಳಬಹುದಿತ್ತು. ಘಾಟಿನಲ್ಲಿ ನಮ್ಮ ಕಾರಿನೊಳಗೆ ಇಣುಕಿದವರು ಯಾರೂ ಇರಲಿಲ್ಲ. ರೆನಾತೋ ಹೆಲ್ಮೆಟ್ ಕೈಯಲ್ಲಿ ಹಿಡಿದು, ನನ್ನ ಕಡೆ ಬೆರಳು ತೋರಿಸಿ, "ಮಾಸ್ತರೀಣ," ಅಂದರು. ಅಂದು ತಲೆ ತಗ್ಗಿಸಿದರು. ಆಗ ಮೊದಲ ಸಲ ಅವರ ಹೆಗಲು ಕಿವಿಯ ಕಡೆಗೆ ಏರಿದ್ದು ಕಂಡೆ.

ಹೆಗಲು ಏರಿದ ಮೇಲೆ ನಾನು ಸುಮ್ಮನಿರುವವಳಲ್ಲ. ಮುಂದೆ ಹೋಗಿ ಕಾರಿನ ಮೂತಿಯ ಮೇಲೆ ಕೈ ಇಟ್ಟೆ.

"ಸಾಹೇಬರ, ಇದೇನ್ರಿ? ಎಲ್. ಇವರು ಕಲಿಯೂವರು, ನಾನು ಕಲಸಾಕಿ. ಕಲಿಯೂವರ ಪಕ್ಕದಾಗ ಕುಂತು ಬ್ರೇಕ್ ಹಾಕೂದು ನನ್ನ ನೌಕರಿ. ಹಾಕಲಿಲ್ಲಂದ್ರ ಅದು ತಪ್ಪು. ಬೇಕಾದ್ರ ಅವರನ್ನ ಕೇಳ್ರಿ."

ಇನ್ಸ್‌ಪೆಕ್ಟರು ಅಲ್ಲೇ ಇದ್ದರು. ದಾರಿಯಲ್ಲಿ ನಾವು ಎಲ್ ಬೋರ್ಡು ಕಿತ್ತುಬಿಡುತ್ತೇವೆಂಬ ಅನುಮಾನದಿಂದ ಜೀಪಿನಲ್ಲಿ ನಾಸಿಕ್ಕಿನಿಂದ ಹಿಂದೆಯೇ ಬಂದಿದ್ದರು. ಮುಂದೆ ಬಂದು ಬೋರ್ಡು ಪರೀಕ್ಷಿಸಿದರು, ಗಟ್ಟಿಯಾಗಿದೆಯೇ ಅಂತ ಎಳೆದೂ ನೋಡಿದರು.

"ಮಾಸ್ತರೀಣಬಾಯಿ ಹೇಳೂದು ಬರೋಬ್ಬರಿ ಐತಿ," ಅಂದರು. "ಶರತ್ತು ಹಾಕಿದಾಂವ ನಾನು. ಬ್ರೇಕ್ ಅವರ ಜವಾಬ್ದಾರಿ."

ಪಂಚರು ನಿಯಮದ ಪುಸ್ತಕ ತಿರುವಿದರು. ಸ್ಟಿಯರಿಂಗ್ ಹಿಡಿದವನು ಡ್ರೈವರು ಅಂತ ಇತ್ತು. ಬ್ರೇಕು ಯಾರ ಕಾಲಿನದಾಗಿರಬೇಕು ಅಂತ ಬರೆಯುವುದು ಯಾರಿಗೂ ಹೊಳೆದಿರಲಿಲ್ಲ. ಮೊದಲು ಒಬ್ಬ ಪಂಚರು ನಕ್ಕರು, ಆಮೇಲೆ ಎಲ್ಲರೂ. ಪುಣೆಯವನು ಸಹ ಕಡೆಗೆ ಬಂದು ನನ್ನ ಕಾಲು ಮುಟ್ಟಿದ. "ಎಡಗಾಲೋ ಬಲಗಾಲೋ ಕಾಕೂ?" ಅಂತ ಕೇಳಿಯೇ ಮುಟ್ಟಿದ ಕಿಡಿಗೇಡಿ.

ಕಪ್ ಹಿತ್ತಾಳೆಯದು, ನಮ್ಮ ಮನೆಯ ಚೊಂಬಿಗಿಂತ ಸಣ್ಣದು. ರೆನಾತೋ ಅದನ್ನು ಮಗುವಿನ ಹಾಗೆ ಎದೆಗೆ ಇಟ್ಟುಕೊಂಡು ನಾಸಿಕ್ಕಿನವರೆಗೆ ಎಡಗಡೆ ಸೀಟಿನಲ್ಲಿ ಕೂತು ಬಂದರು. ಪಿನ್ನು ಹಾಕಿಸಿದ ಮೇಲೂ ನಾನೇ ಓಡಿಸಿದೆ.

ಅದಾದ ಮೇಲೆ ನನ್ನ ಕೆಲಸವೇ ಬದಲಾಯಿತು. ಸ್ಕೂಲಿಗೆ ಬಂದ ಗಂಡಸರು "ಆ ರ‍್ಯಾಲಿ ಬಾಯೀನs ಬೇಕು" ಅನ್ನತೊಡಗಿದರು. ಕಾಕಾ ಮೀಸೆ ತಿರುವಿ, "ಅವರ ಹತ್ರ ಜಾಗಾ ಇಲ್ಲ, ಮುಂದಿನ ತಿಂಗಳು ನೋಡೂಣು" ಅಂತ ಗತ್ತು ಮಾಡುತ್ತಿದ್ದರು. ನಾನು ಎಲ್ಲರಿಗೂ ಮೊದಲ ದಿನ ನಂದು, ನಿಂದು ಕಲಿಸಿದೆ. ಮರಾಠಿಯವರು, ಹಿಂದಿಯವರು, ಎಲ್ಲರೂ ಆ ಎರಡು ಕನ್ನಡ ಪದ ಕಲಿತೇ ಲೈಸೆನ್ಸು ಪಡೆದರು. ಈಗ ನಿಮ್ಮ ಕಾರುಗಳಲ್ಲಿ ಪವರ್ ಸ್ಟಿಯರಿಂಗು, ಪರದೆಯ ಮೇಲೆ ಹಿಂದಿನ ರಸ್ತೆ, ಎಲ್ಲ ಇದೆ. ಇರಲಿ. ಪಕ್ಕದವರ ಹೆಗಲು ತೋರಿಸುವ ಪರದೆ ಇನ್ನೂ ಬಂದಿಲ್ಲ. ಸುಮ್ಮಸುಮ್ಮನೆ ಒತ್ತುವ ಮಾಸ್ತರೀಣಿಯ ಕೈಯಲ್ಲಿ ಯಾರೂ ಕಲಿಯುವುದಿಲ್ಲ. ಬೇಕಾದಾಗ ಒತ್ತದವಳ ಕೈಯಲ್ಲಿ ಯಾರೂ ಉಳಿಯುವುದಿಲ್ಲ.

ಊರಿಗೆ ಹೋಗುವ ಮೊದಲು ರೆನಾತೋ ಇನ್ನೊಮ್ಮೆ ಪರೀಕ್ಷೆಗೆ ಹೋದರು. ಲೈಸೆನ್ಸು ಬೇಕಾಗಿರಲಿಲ್ಲ, ಹಟಕ್ಕೆ. ಪಕ್ಕದ ಸೀಟಿನಲ್ಲಿ ಇನ್ಸ್‌ಪೆಕ್ಟರು ಕೂತರು. ಈ ಸಲ ನಿಧಾನ, ಕೈ ಸನ್ನೆ ಎಲ್ಲ ಸರಿ. ನಾನು ಹೊರಗೆ ನಿಂತು ಹೆಮ್ಮೆಯಿಂದ ನೋಡುತ್ತಿದ್ದೆ. ಎಂಟರ ಕೊನೆಯ ಕಲ್ಲು ಬಂದಾಗ ರೆನಾತೋ ರೂಢಿಯ ಮೇಲೆ "ನಿಂದು!" ಅಂದು ಕಾಲು ತೆಗೆದುಬಿಟ್ಟರು. ಇನ್ಸ್‌ಪೆಕ್ಟರಿಗೇನು ಗೊತ್ತು? "ಏನು ನಂದು?" ಅಂದರು. ಕಾರು ಮೆಲ್ಲಗೆ ಕಲ್ಲು ಹತ್ತಿ ನಿಂತಿತು. ಫೇಲ್.

ನಾಸಿಕ್ ರೋಡ್ ಸ್ಟೇಶನ್ನಿಗೆ ಬೀಳ್ಕೊಡಲು ನಾನೂ ನಮ್ಮವರೂ ಹೋದೆವು. ಮುಂಬಯಿ ಗಾಡಿ ಬಂದು ನಿಂತಿತ್ತು. ಉಳಿದ ಸಾಮಾನು ಹಮಾಲರ ತಲೆಯ ಮೇಲೆ, ಟವೆಲಿನಲ್ಲಿ ಸುತ್ತಿದ ಕಪ್ ಮಾತ್ರ ಅವರ ಕಂಕುಳಲ್ಲಿ. ಅಗಲುವ ಬೇಸರ ತೋರಬಾರದೆಂದು ನಾನು ಕೆಣಕಿದೆ.

"ಏನ್ರಿ ಸಾಹೇಬರ, ಕಪ್ ಸಿಕ್ಕಿತು ಖರೆ. ಒಂದು ಲೈಸೆನ್ಸ್ ತಗೊಳ್ಳಾಕ ಆಗಲಿಲ್ಲಲ್ಲ ನಿಮ್ಮ ಕೈಲೆ?"

ಗಾಡಿ ಅಲುಗಿತು. ರೆನಾತೋ ಬಾಗಿಲಲ್ಲಿ ನಿಂತು, ಟವೆಲಿನ ಗಂಟನ್ನು ತಟ್ಟಿ, ನಾನು ಕಲಿಸಿದ್ದು ಕಲಿಸದ್ದು ಎಲ್ಲ ಕನ್ನಡ ಕೂಡಿಸಿ ಕೂಗಿದರು:

"ಮಾಸ್ತರೀಣ! ಅಲ್ಲಿ ಲೈಸೆನ್ಸ್ ಇತ್ತು, ಕಪ್ ಇಲ್ಲ. ಇಲ್ಲಿ ಲೈಸೆನ್ಸ್ ಇಲ್ಲ, ಕಪ್ ಐತಿ!"